ಅತಿಥಿ ಆಟಗಾರ

ಟೀಮಿನ ಪಟ್ಟಿ ಕೈಗೆ ಬಂತು, ಬೀಡಿಯಷ್ಟು ಸಣ್ಣಗೆ ಸುತ್ತಿದ ಚೀಟಿ.
ವಿರಾಜಪೇಟೆಯವರ ಹನ್ನೊಂದನೇ ನಂಬರಿನ ಮುಂದೆ
ನಿನ್ನ ಹೆಸರು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ: ಗೆಸ್ಟ್.

ಇಪ್ಪತ್ತೆರಡು ವರ್ಷದಿಂದ ನೆಲ್ಲಿಹುದಿಕೇರಿಯ ಈ ಮೈದಾನದಲ್ಲಿ
ಮೈಕು ನನ್ನದೇ. ಕನ್ನಡದಲ್ಲಿ ಶುರುವಾಗಿ
ಮಲಯಾಳದಲ್ಲಿ ಏದುಸಿರು ಬಿಟ್ಟು
ಕೊಡವ ತಕ್ಕ್‌ನಲ್ಲಿ ಒಂದು ಬೈಗುಳ ನುಂಗಿಕೊಳ್ಳುವ ಗಂಟಲು.
ಅವತ್ತು ಮಾತ್ರ ಚೀಟಿ ಓದುವ ಮುಂಚೆ ನೀರು ಕೇಳಿದೆ.

ಮೀನುಗಾಡಿಯ ಮೊಯಿದುವಿನ ಮಗ ನೀನು.
ಚೆಂಡು ಕಾವೇರಿಗೆ ಬಿದ್ದರೆ ಇಳಿದು ತರುವ ಹುಡುಗರಲ್ಲಿ
ಎಲ್ಲರಿಗಿಂತ ಕಿರಿಯ, ಎಲ್ಲರಿಗಿಂತ ಮೊದಲು ನೆನೆಯುವವನು.
ಎಡಬದಿಯ ಉಮ್ಮರನ ಕಾಲು ಉಳುಕಿದ ದಿನ ಬೇರೆ ಯಾರೂ ಇರಲಿಲ್ಲ,
ಒದ್ದೆ ಚಡ್ಡಿಯಲ್ಲೇ ಇಳಿದೆ,
ಒದ್ದೆ ಚಡ್ಡಿಯಲ್ಲೇ ಒದ್ದೆ.

ಸಂಘದ ಲೆಕ್ಕದ ಪುಸ್ತಕದಲ್ಲಿ ಇನ್ನೂ ಇದೆ:
ಜಂಶೀರ್, ಬೂಟು, ಸಾವಿರದ ನೂರ ಐವತ್ತು.
ಅರ್ಧ ಪೊನ್ನವ್ವ ಟೀಚರು ಕೊಟ್ಟದ್ದು,
ಉಳಿದದ್ದು ಗ್ಯಾಲರಿಯಲ್ಲಿ ಟವೆಲ್ ಹಿಡಿದು ಎತ್ತಿದ್ದು.
ಯಾರೂ ವಾಪಸು ಕೇಳಿಲ್ಲ. ಕೇಳಿಲ್ಲ ಅಂತ
ಇಷ್ಟು ಸಲ ಹೇಳುವುದೇ ಕೇಳಿದ ಹಾಗೆ, ಗೊತ್ತು.

ಮೈಸೂರಿಗೆ ಹೋದಾಗ ಜೀಪು ಮಾಡಿಕೊಂಡು ನೋಡಲು ಬಂದೆವು.
ಗೋವಾಕ್ಕೆ ಹೋದಾಗ ಮೊಬೈಲಿನಲ್ಲಿ,
ಸಲೂನಿನ ಕುರ್ಚಿಯಲ್ಲಿ ಒಬ್ಬನ ಅರ್ಧ ಗಡ್ಡ ಹಾಗೇ ಬಿಟ್ಟು.
ಎಪ್ಪತ್ತೆಂಟನೇ ನಿಮಿಷಕ್ಕೆ ನಿನ್ನನ್ನು ಇಳಿಸಿದರು.
ಎಂಬತ್ತಕ್ಕೆ ನೆಟ್‌ವರ್ಕು ಹೋಯಿತು.
ಎರಡು ನಿಮಿಷದ ನೀನು ನಮಗೆ ಒಂದು ವಾರಕ್ಕೆ ಸಾಕಾದೆ.

ಆಮೇಲೆ ಬೈದೆವು. ಸುಳ್ಳು ಯಾಕೆ.
ಸಿದ್ದಾಪುರದವರಿಂದ ಐದು ಗೋಲು ತಿಂದ ರಾತ್ರಿ
ಸೋತದ್ದು ಕೀಪರಿನಿಂದ, ಬೈದದ್ದು ನಿನ್ನನ್ನು.
ಇದ್ದವರನ್ನು ಬೈದರೆ ನಾಳೆ ಪ್ರಾಕ್ಟೀಸಿಗೆ ಬರುವುದಿಲ್ಲವಲ್ಲ.
ಹಾಕಿ ಬಿಟ್ಟರೆ ಆಟವೇ ಇಲ್ಲವೆನ್ನುವ, ಪಟ್ಟಾಳದ ಪಳಂಗಪ್ಪಜ್ಜ ಮಾತ್ರ
'ಪೋಸ್ಟಿಂಗ್ ಬಂದರೆ ಹೋಗಲೇಬೇಕು' ಎಂದು ಎದ್ದು ಹೋದ.

ಮತ್ತೆ ಆ ಸಂಜೆ.
ಸಿಲ್ವರ್ ಮರದ ಗ್ಯಾಲರಿ ಕಿರುಗುಟ್ಟುವಷ್ಟು ಜನ.
ಪಕ್ಕದ ತೋಟದಲ್ಲಿ ಆನೆಯಿದೆ ಅಂತ ಫಾರೆಸ್ಟಿನವರು ಬಂದು ಹೇಳಿದರೂ
ಎದ್ದವರಿಲ್ಲ.
ನಿನ್ನ ಕಾಲಿಗೆ ಕಿತ್ತಳೆ ಬಣ್ಣದ ಬೂಟು,
ನಮ್ಮ ತೋಟಗಳಲ್ಲಿ ಈಗ ಅಪರೂಪವಾದ ಬಣ್ಣ.
ಮೊದಲ ಚೆಂಡು ನಿನಗೆ ಸಿಕ್ಕಾಗ
ಅರ್ಧ ಗ್ಯಾಲರಿ 'ಕಾಸಿನ ಕಾಲು' ಎಂದು ಕೂಗಿತು,
ಉಳಿದರ್ಧ ಎದ್ದು ನಿಂತಿತು. ಕೆಲವರು ಎರಡನ್ನೂ ಮಾಡಿದರು.

ಗೋಲು ಹೇಗೆ ಅಂತ ಹೇಳಬೇಕಿಲ್ಲ. ಎಡಬದಿ, ಒಳಕ್ಕೊಂದು ತಿರುವು,
ಅದೇ ಹಳೆಯ ಹಾವು. ನಮಗೆಲ್ಲ ಗೊತ್ತಿತ್ತು, ನಮ್ಮ ಕೀಪರಿಗೂ.
ನೀನು ಓಡಲಿಲ್ಲ. ಕೂಗಲಿಲ್ಲ.
ಎರಡೂ ಅಂಗೈ ಮುಂದೆ ಹಿಡಿದು ತಲೆ ತಗ್ಗಿಸಿದೆ, ಕ್ಷಮಿಸಿ ಎಂಬಂತೆ.
ಟೀವಿಯಲ್ಲಿ ದೊಡ್ಡವರು ಹೀಗೆ ಮಾಡುವುದನ್ನು ನೋಡಿದ್ದೇವೆ.

ಅಲ್ಲಿ ಚುಚ್ಚಿತು, ಜಂಶೀರಾ.
ಸೋಲಿಸು. ದುಡ್ಡು ತಗೋ. ಹೋಗು.
ನಮ್ಮ ಬಲೆಗೆ ಹೊಡೆದ ಗೋಲು
ಒಂದು ಕುಣಿತದಷ್ಟೂ ಬಾಳುವುದಿಲ್ಲವೇ?
ಹಿಂದೆ ಒಂದೊಂದು ಗೋಲಿಗೂ ಕಾರ್ನರಿನ ಬಾವುಟ ಕಿತ್ತುಕೊಂಡು
ಹೊಳೆಯತನಕ ಓಡುತ್ತಿದ್ದೆ,
ಸುಣ್ಣದ ಗೆರೆ ಹಾಕುವ ಚುಕ್ಕ ಬೈಯುತ್ತ ಮತ್ತೆ ನೆಡುತ್ತಿದ್ದ.
ಈಗ ಸಾವಿನ ಮನೆಗೆ ಬಂದವನ ಹಾಗೆ ಯಾಕೆ ನಡೆದೆ?
ನಾವಿನ್ನೂ ಸೋತಿರಲಿಲ್ಲ. ಹದಿನಾಲ್ಕು ನಿಮಿಷ ಬಾಕಿ ಇತ್ತು.

ಮೈಕು ಆನ್ ಇತ್ತು. ಬಾಯಿ ತನ್ನ ರೂಢಿಯಲ್ಲೇ ಹೇಳಿಬಿಟ್ಟಿತು:
ಗೋಲ್! ನಮ್ಮ ಜಂಶೀರ್!
ಅಧ್ಯಕ್ಷರು ತಿರುಗಿ ನೋಡಿದರು. ಗ್ಯಾಲರಿಯ ಒಂದು ಮೂಲೆ ನಕ್ಕಿತು.
ನೀನು ತಲೆ ಎತ್ತಿದೆ, ಸ್ಪೀಕರಿನ ಕಡೆಗೆ; ನನ್ನ ಕಡೆಗಲ್ಲ.

ತಿದ್ದಿ ಓದಿದೆ: ವಿರಾಜಪೇಟೆ, ಹನ್ನೊಂದು, ಗೆಸ್ಟ್.

ಆಟ ಮುಗಿದು ಬಲೆ ಬಿಚ್ಚುವಾಗ ನೋಡಿದೆ,
ಎಡಬದಿಯ ಬಾವುಟ ಒಂದೇ ಬೆರಳಿಗೆ ಕಿತ್ತು ಬಂತು.
ಯಾಕೆ ಇಷ್ಟು ಸಡಿಲ ನೆಟ್ಟೆ ಅಂತ ಕೇಳಿದರೆ
ಚುಕ್ಕ ಎಂದ, ಅಲ್ಲಿ ನೆಲ ಗಟ್ಟಿ.